ಸೀಸನ್ ಟಿಕೆಟ್ ಯಾರ ಆಸ್ತಿ? ಏರುವ ಬೆಲೆ, ಮರುಮಾರಾಟ ಮತ್ತು ಅಭಿಮಾನಿಯ ಲೆಕ್ಕ

2016ರ ಫೆಬ್ರವರಿ 6, ಶನಿವಾರ. ಲಿವರ್‌ಪೂಲ್‌ನ ಆನ್‌ಫೀಲ್ಡ್ ಕ್ರೀಡಾಂಗಣ, ಎದುರಾಳಿ ಸಂಡರ್‌ಲ್ಯಾಂಡ್. ಲಿವರ್‌ಪೂಲ್ 2-0 ಮುಂದಿತ್ತು. 77ನೇ ನಿಮಿಷ ಬರುತ್ತಿದ್ದಂತೆ ಸುಮಾರು 10 ಸಾವಿರ ಮಂದಿ ಎದ್ದು ಹೊರಗೆ ನಡೆದರು. ತಂಡ ಸೋಲುತ್ತಿದೆ ಅಂತ ಬೇಸರವಾಗಿ ಅಲ್ಲ. ಮುಂದಿನ ಸೀಸನ್‌ನಿಂದ ಹೊಸ ಮುಖ್ಯ ಸ್ಟ್ಯಾಂಡ್‌ನ ದುಬಾರಿ ಟಿಕೆಟ್‌ಗೆ 77 ಪೌಂಡ್ ಎಂದು ಕ್ಲಬ್ ಘೋಷಿಸಿತ್ತು, ಅದಕ್ಕೇ 77ನೇ ನಿಮಿಷ. ಅವರು ಹೋದ ಮೇಲೆ ಸಂಡರ್‌ಲ್ಯಾಂಡ್ ಎರಡು ಗೋಲು ಹೊಡೆದು ಪಂದ್ಯ 2-2ಕ್ಕೆ ಮುಗಿಯಿತು. ಕೆಲವೇ ದಿನಗಳಲ್ಲಿ ಮಾಲೀಕ ಕಂಪನಿ ಫೆನ್ವೇ ಸ್ಪೋರ್ಟ್ಸ್ ಗ್ರೂಪ್ ಕ್ಷಮೆ ಕೇಳಿತು. 77 ಪೌಂಡಿನ ಟಿಕೆಟ್ ರದ್ದಾಯಿತು. ಎರಡು ಸೀಸನ್ ಬೆಲೆ ಏರಿಸಲ್ಲ ಅಂತ ಮಾತು ಕೊಟ್ಟರು.

ಕ್ರೀಡಾ ಟಿಕೆಟ್ ಬೆಲೆಯ ಬಗ್ಗೆ ಯಾರಾದರೂ 'ಅದು ಮಾರುಕಟ್ಟೆ ನಿರ್ಧರಿಸೋದು, ನಮ್ಮ ಕೈಯಲ್ಲೇನಿದೆ' ಅಂದಾಗ ನನಗೆ ನೆನಪಾಗೋದು ಈ ಪಂದ್ಯ. ಆ ವಾರ ಮಾರುಕಟ್ಟೆ ಬದಲಾಗಿರಲಿಲ್ಲ. ಆ 77 ಪೌಂಡಿನ ಸೀಟು ಖಂಡಿತ ಮಾರಾಟ ಆಗ್ತಿತ್ತು. ಆದರೂ ಬೆಲೆ ಇಳಿಯಿತು.

ಈ ಲೇಖನದಲ್ಲಿ ಸೀಸನ್ ಟಿಕೆಟ್ ಅಂದರೇನು, ಅದರ ಬೆಲೆ ಯಾಕೆ ಏರುತ್ತಿದೆ, ಮರುಮಾರಾಟದ ಹಣ ಯಾರ ಜೇಬಿಗೆ ಹೋಗುತ್ತದೆ ಅನ್ನೋದನ್ನು ಬಿಡಿಸಿ ನೋಡೋಣ. ಉದಾಹರಣೆಗಳು ಹೆಚ್ಚಾಗಿ ಇಂಗ್ಲೆಂಡ್ ಮತ್ತು ಅಮೆರಿಕದವು, ಯಾಕಂದರೆ ಈ ವ್ಯವಸ್ಥೆ ಬೆಳೆದಿರೋದು ಅಲ್ಲೇ. ಬೆಂಗಳೂರಿಗೂ ಬರ್ತೀನಿ, ಕೊನೆಗೆ.

ಮುಂಗಡ ಸಾಲ

ಸೀಸನ್ ಟಿಕೆಟ್ ಅಂದರೆ ಒಂದು ತಂಡದ ಆ ವರ್ಷದ ಎಲ್ಲ ತವರು ಪಂದ್ಯಗಳಿಗೆ ಒಂದೇ ಸೀಟನ್ನು ಮೊದಲೇ ಕೊಂಡುಕೊಳ್ಳುವುದು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 19 ತವರು ಪಂದ್ಯ. ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್‌ನಲ್ಲಿ 8 ಅಥವಾ 9 ಲೀಗ್ ಪಂದ್ಯ, ಜೊತೆಗೆ ಅಭ್ಯಾಸ ಪಂದ್ಯಗಳು.

ಹೊರಗಿನಿಂದ ನೋಡಿದರೆ ಇದು ಅಭಿಮಾನಿಗೆ ಸಿಗುವ ರಿಯಾಯಿತಿಯ ಹಾಗೆ ಕಾಣುತ್ತದೆ. ಲೆಕ್ಕದ ಪುಸ್ತಕದಲ್ಲಿ ನೋಡಿದರೆ ಅಭಿಮಾನಿ ಕ್ಲಬ್‌ಗೆ ಕೊಡುವ ಬಡ್ಡಿ ಇಲ್ಲದ ಮುಂಗಡ. ಆಗಸ್ಟ್‌ನಲ್ಲಿ ಶುರುವಾಗುವ ಆಟಕ್ಕೆ ವಸಂತ ಅಥವಾ ಬೇಸಿಗೆಯಲ್ಲೇ ದುಡ್ಡು ಕ್ಲಬ್ ಕೈ ಸೇರುತ್ತದೆ. ಹಣಕ್ಕಿಂತ ಮುಖ್ಯ, ಅಪಾಯವೂ ಕೈ ಬದಲಾಯಿಸುತ್ತದೆ. ತಂಡ ಸತತವಾಗಿ ಸೋತರೆ? ಡಿಸೆಂಬರ್‌ನ ಮಂಗಳವಾರ ರಾತ್ರಿ ಮಳೆಯಲ್ಲಿ, ತಳದಲ್ಲಿರುವ ಎದುರಾಳಿಯ ಜೊತೆ ಪಂದ್ಯ ಬಿದ್ದರೆ? ಬಿಡಿ ಟಿಕೆಟ್ ಕೊಳ್ಳುವವನು ಮನೆಯಲ್ಲೇ ಇರ್ತಾನೆ. ಸೀಸನ್ ಟಿಕೆಟ್‌ನವನು ಆಗಲೇ ಕೊಟ್ಟಾಗಿದೆ.

ಈ ಅಪಾಯವನ್ನು ಹೊತ್ತಿದ್ದಕ್ಕೆ ಪ್ರತಿಯಾಗಿ ಅವನಿಗೆ ಹಿಂದೆ ಮೂರು ವಿಷಯ ಸಿಗುತ್ತಿದ್ದವು. ಒಂದು, ಪ್ರತಿ ಪಂದ್ಯಕ್ಕೆ ಕಡಿಮೆ ಬೆಲೆ. ಎರಡು, ಮುಂದಿನ ವರ್ಷವೂ ಅದೇ ಸೀಟು ಸಿಗುವ ಭರವಸೆ. ಅಕ್ಕಪಕ್ಕ ಅದೇ ಮುಖಗಳು, ಅದೇ ಜಗಳ, ಅದೇ ಟೀ. ಮೂರು, ಅನಿವಾರ್ಯವಾದಾಗ ಪಕ್ಕದ ಮನೆಯವನಿಗೋ ಸಹೋದ್ಯೋಗಿಗೋ ಟಿಕೆಟ್ ದಾಟಿಸುವ ಸ್ವಾತಂತ್ರ್ಯ. ಕಳೆದ 30 ವರ್ಷಗಳಲ್ಲಿ ಈ ಮೂರನ್ನೂ ಒಂದೊಂದಾಗಿ ಹೇಗೆ ಕಿತ್ತುಕೊಳ್ಳಲಾಯಿತು ಅನ್ನೋದೇ ಬೆಲೆ ಏರಿಕೆಯ ಕಥೆ. ಪೌಂಡ್, ಡಾಲರ್ ಸಂಖ್ಯೆಗಳು ಅದರ ಒಂದು ಭಾಗ ಮಾತ್ರ.

60 ಪೌಂಡಿನಿಂದ 725ಕ್ಕೆ

1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಎಫ್‌ಎ ಕಪ್ ಸೆಮಿಫೈನಲ್ ವೇಳೆ ಕಬ್ಬಿಣದ ಬೇಲಿಗೆ ಒತ್ತಿ ಸಿಕ್ಕಿಕೊಂಡ ಲಿವರ್‌ಪೂಲ್ ಅಭಿಮಾನಿಗಳಲ್ಲಿ 97 ಮಂದಿ ಜೀವ ಕಳೆದುಕೊಂಡರು. ತಪ್ಪನ್ನು ಅಭಿಮಾನಿಗಳ ತಲೆಗೆ ಕಟ್ಟುವ ಪ್ರಯತ್ನ ದಶಕಗಳ ಕಾಲ ನಡೆಯಿತು. ಪೊಲೀಸ್ ವೈಫಲ್ಯವೇ ಕಾರಣ ಎಂದು ಅಧಿಕೃತವಾಗಿ ಹೊರಬರಲು 2012, 2016ರವರೆಗೆ ಕಾಯಬೇಕಾಯಿತು. ಅದು ಬೇರೆಯದೇ ಲೇಖನ. ನಮಗೆ ಇಲ್ಲಿ ಬೇಕಾಗಿರೋದು 1990ರ ಜನವರಿಯಲ್ಲಿ ಬಂದ ನ್ಯಾಯಮೂರ್ತಿ ಟೇಲರ್ ಅವರ ಅಂತಿಮ ವರದಿ. ದೊಡ್ಡ ಕ್ರೀಡಾಂಗಣಗಳಲ್ಲಿ ನಿಂತು ನೋಡುವ ಜಾಗ ತೆಗೆದು ಎಲ್ಲರಿಗೂ ಕುರ್ಚಿ ಹಾಕಿ ಎಂದು ಅದು ಶಿಫಾರಸು ಮಾಡಿತು. ಹಾಗೆ ಮಾಡಿದರೆ ಬಡವರ ಕೈಗೆ ಟಿಕೆಟ್ ಎಟುಕದೇ ಹೋಗುತ್ತಾ ಎಂಬ ಪ್ರಶ್ನೆಯನ್ನೂ ಟೇಲರ್ ಎತ್ತಿಕೊಂಡಿದ್ದರು. ಗ್ಲಾಸ್ಗೋದ ಐಬ್ರಾಕ್ಸ್‌ನಲ್ಲಿ ನಿಲ್ಲಲು 4 ಪೌಂಡ್, ಕುರ್ಚಿಗೆ 6 ಪೌಂಡ್. ಆದ್ದರಿಂದ ಹೊರೆಯಾಗದ ಬೆಲೆ ಇಡುವುದು ಸಾಧ್ಯ ಅನ್ನೋದು ಅವರ ಅಭಿಪ್ರಾಯವಾಗಿತ್ತು.

ಕ್ಲಬ್‌ಗಳು ಕುರ್ಚಿಯ ಭಾಗವನ್ನು ಓದಿದವು, ಬೆಲೆಯ ಭಾಗವನ್ನು ಓದಲಿಲ್ಲ. 1992ರಲ್ಲಿ ಪ್ರೀಮಿಯರ್ ಲೀಗ್ ಹುಟ್ಟಿತು, ಟಿವಿ ಹಣ ಹರಿಯಿತು. 1989-90ರಲ್ಲಿ ಆನ್‌ಫೀಲ್ಡ್‌ನ ಪ್ರಸಿದ್ಧ ಕಾಪ್ ಸ್ಟ್ಯಾಂಡ್‌ನ ಸೀಸನ್ ಟಿಕೆಟ್ 60 ಪೌಂಡ್. 2011ರ ಹೊತ್ತಿಗೆ ಅದೇ ಸ್ಟ್ಯಾಂಡ್‌ನದ್ದು 725 ಪೌಂಡ್. ಅಂದರೆ 12 ಪಟ್ಟು. ಆ ಅವಧಿಯಲ್ಲಿ ದೇಶದ ಸಾಮಾನ್ಯ ಬೆಲೆಗಳು ಏರಿದ್ದು ಹೆಚ್ಚೆಂದರೆ ಎರಡು ಪಟ್ಟಿನ ಆಸುಪಾಸು. ದುರಂತದಲ್ಲಿ ಸತ್ತವರ ಊರಿನವರೇ, ಅವರ ವರ್ಗದವರೇ, ಆ ದುರಂತದ ಹೆಸರಲ್ಲಿ ಕಟ್ಟಿದ ಕುರ್ಚಿಗಳಿಂದ ಹೊರಗುಳಿದರು.

ಲಿವರ್‌ಪೂಲ್‌ನ 77ನೇ ನಿಮಿಷದ ನಂತರ ಒಂದು ತಿಂಗಳಲ್ಲಿ ಪ್ರೀಮಿಯರ್ ಲೀಗ್‌ನ ಎಲ್ಲ ಕ್ಲಬ್‌ಗಳು ಹೊರ ಊರಿನಿಂದ ಬರುವ ಎದುರಾಳಿ ಅಭಿಮಾನಿಗಳ ಟಿಕೆಟ್‌ಗೆ 30 ಪೌಂಡ್ ಮಿತಿ ಹಾಕಲು ಒಪ್ಪಿದವು. ಮೊದಲು ಮೂರು ಸೀಸನ್‌ಗೆ ಅಂದದ್ದು ಆಮೇಲೂ ಮುಂದುವರಿಯಿತು. ಇದು ಸಣ್ಣ ಗೆಲುವೇನಲ್ಲ. ಆದರೆ ತವರಿನ ಅಭಿಮಾನಿಗೆ ಅಂಥ ಮಿತಿ ಇಲ್ಲ. ಕೋವಿಡ್ ನಂತರ ಬೆಲೆ ಮತ್ತೆ ಏರತೊಡಗಿತು. 2024-25ರ ಸೀಸನ್‌ಗೆ 20 ಕ್ಲಬ್‌ಗಳಲ್ಲಿ 19 ಬೆಲೆ ಏರಿಸಿದವು. ಟಾಟನ್‌ಹ್ಯಾಮ್ ಬೆಲೆ ಏರಿಕೆಯ ಜೊತೆಗೆ, ಮುಂದೆ ಹೊಸದಾಗಿ ಯಾರಿಗೂ ಹಿರಿಯ ನಾಗರಿಕರ ರಿಯಾಯಿತಿ ಕೊಡಲ್ಲ ಎಂದು ಪ್ರಕಟಿಸಿ ಪ್ರತಿಭಟನೆ ಎದುರಿಸಿತು. 2024ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೀಸನ್ ನಡುವೆಯೇ ಉಳಿದ ಬಿಡಿ ಟಿಕೆಟ್‌ಗಳಿಗೆಲ್ಲ 66 ಪೌಂಡ್ ಎಂದಿತು. ಅದಕ್ಕೆ ಮೊದಲು ವಯಸ್ಕರಿಗೆ 40 ಪೌಂಡಿನಿಂದ, ಮಕ್ಕಳಿಗೆ 25 ಪೌಂಡಿನಿಂದ ಶುರುವಾಗುತ್ತಿತ್ತು. ಹೊಸ ದರದಲ್ಲಿ ಮಕ್ಕಳಿಗೂ ಪಿಂಚಣಿದಾರರಿಗೂ ಒಂದು ಪೆನ್ನಿ ರಿಯಾಯಿತಿ ಇಲ್ಲ.

ಈ ದುಡ್ಡು ಅವರಿಗೆ ನಿಜವಾಗಿ ಬೇಕಾ?

ಕ್ಲಬ್‌ಗಳ ಸಮರ್ಥನೆ ಹೀಗಿರುತ್ತದೆ: ಆಟಗಾರರ ಸಂಬಳ ಏರಿದೆ, ವಿದ್ಯುತ್ ದುಬಾರಿ, ಮೂರು ವರ್ಷಕ್ಕೆ ಒಟ್ಟು 105 ದಶಲಕ್ಷ ಪೌಂಡಿಗಿಂತ ಹೆಚ್ಚು ನಷ್ಟ ತೋರಿಸಬಾರದು ಎಂಬ ಲೀಗ್ ನಿಯಮ 2025-26ರ ಸೀಸನ್‌ವರೆಗೆ ಇತ್ತು, ಆದ್ದರಿಂದ ಆದಾಯ ಬೇಕೇ ಬೇಕು. ಸರಿ, ಲೆಕ್ಕ ಹಾಕೋಣ.

ಮ್ಯಾಂಚೆಸ್ಟರ್ ಯುನೈಟೆಡ್ ಷೇರುಪೇಟೆಯಲ್ಲಿರುವ ಕಂಪನಿ, ಹಾಗಾಗಿ ಅದರ ಲೆಕ್ಕಪತ್ರ ಬಹಿರಂಗ. 2024ರ ಜೂನ್‌ಗೆ ಮುಗಿದ ವರ್ಷದಲ್ಲಿ ಒಟ್ಟು ಆದಾಯ 661.8 ದಶಲಕ್ಷ ಪೌಂಡ್. ಅದರಲ್ಲಿ ಪ್ರಾಯೋಜಕತ್ವ, ಜೆರ್ಸಿ ಮಾರಾಟ ಇತ್ಯಾದಿ 302.9. ಟಿವಿ 221.8. ಪಂದ್ಯದ ದಿನದ ಆದಾಯ 137.1. ಈ ಕೊನೆಯದರಲ್ಲಿ ಸಾಮಾನ್ಯ ಟಿಕೆಟ್ ಮಾತ್ರವಲ್ಲ, ಶ್ರೀಮಂತರ ಹಾಸ್ಪಿಟಾಲಿಟಿ ಬಾಕ್ಸ್‌ಗಳು, ಕ್ರೀಡಾಂಗಣದಲ್ಲಿ ಮಾರುವ ತಿಂಡಿ, ಪಾನೀಯ ಎಲ್ಲ ಸೇರಿದೆ. 2025-26ಕ್ಕೆ ಸೀಸನ್ ಟಿಕೆಟ್ ಬೆಲೆಯನ್ನು ಕ್ಲಬ್ ಶೇ 5ರಷ್ಟು ಏರಿಸಿತು. ಕ್ಲಬ್‌ಗೆ ಅನುಕೂಲವಾಗುವಂತೆ, ಆ ಪೂರ್ತಿ 137.1 ದಶಲಕ್ಷವೂ ಶೇ 5 ಏರಿತು ಅಂತಲೇ ಇಟ್ಟುಕೊಳ್ಳಿ. ಸಿಗೋದು 6.9 ದಶಲಕ್ಷ. ಒಟ್ಟು ಆದಾಯದ ಶೇ 1. ನಿಜವಾದ ಮೊತ್ತ ಇದಕ್ಕಿಂತ ಎಷ್ಟೋ ಕಡಿಮೆ. ಅದೇ ವರ್ಷ ಕ್ಲಬ್‌ನ ಸಂಬಳದ ಬಿಲ್ಲು 360 ದಶಲಕ್ಷ ದಾಟಿತ್ತು.

ಜರ್ಮನಿಯ ಬಾಯರ್ನ್ ಮ್ಯೂನಿಕ್‌ನ ಅಂದಿನ ಅಧ್ಯಕ್ಷ ಉಲಿ ಹೋನೆಸ್ ಇದೇ ಲೆಕ್ಕವನ್ನು ತಿರುಗಿಸಿ ಹೇಳಿದ್ದರು. ಅವರ ನಿಲ್ಲುವ ಜಾಗದ ಸೀಸನ್ ಟಿಕೆಟ್ ಆಗ ಸುಮಾರು 104 ಪೌಂಡ್‌ಗೆ ಸಮ. ಅದನ್ನು 300 ಮಾಡಿದರೆ ವರ್ಷಕ್ಕೆ 2 ದಶಲಕ್ಷ ಜಾಸ್ತಿ ಬರಬಹುದು. ಒಬ್ಬ ಆಟಗಾರನ ವರ್ಗಾವಣೆ ಚೌಕಾಸಿಯಲ್ಲಿ ಐದು ನಿಮಿಷಕ್ಕೆ ಹೋಗುವ ದುಡ್ಡು ಅದು, ಆದರೆ ಅಭಿಮಾನಿಗೆ ಆ ವ್ಯತ್ಯಾಸ ದೊಡ್ಡದು, ಅವರು ಹಾಲು ಹಿಂಡಿಕೊಳ್ಳುವ ಹಸುಗಳಲ್ಲ ಅನ್ನೋದು ಅವರ ಮಾತಿನ ಸಾರ. ಹೋನೆಸ್ ಮುಂದೆ ತೆರಿಗೆ ವಂಚನೆ ಪ್ರಕರಣದಲ್ಲಿ ಜೈಲಿಗೆ ಹೋದರು, ಸಂತರೇನಲ್ಲ. ಅಲ್ಲಿನ ವ್ಯತ್ಯಾಸಕ್ಕೆ ಕಾರಣ ವ್ಯಕ್ತಿಯ ಒಳ್ಳೆಯತನ ಅಲ್ಲ, ರಚನೆ. ಜರ್ಮನ್ ಲೀಗ್‌ನ '50+1' ನಿಯಮದಂತೆ, ಕೆಲವು ವಿನಾಯಿತಿ ಬಿಟ್ಟರೆ, ಕ್ಲಬ್‌ನ ಬಹುಮತದ ಮತ ಸದಸ್ಯರ ಕೈಯಲ್ಲಿರುತ್ತದೆ. ಟಿಕೆಟ್ ಬೆಲೆ ಏರಿಸಿದವನು ಅದೇ ಟಿಕೆಟ್ ಕೊಳ್ಳುವವರ ಎದುರು ಸಭೆಯಲ್ಲಿ ನಿಲ್ಲಬೇಕು. ಡಾರ್ಟ್‌ಮಂಡ್‌ನ ದಕ್ಷಿಣ ಸ್ಟ್ಯಾಂಡ್‌ನಲ್ಲಿ ಇವತ್ತಿಗೂ 24 ಸಾವಿರಕ್ಕೂ ಹೆಚ್ಚು ಜನ ನಿಂತೇ ನೋಡ್ತಾರೆ.

ಮರುಮಾರಾಟ: ನಡುವಿನ ಅಂತರ ಯಾರದ್ದು?

ಈಗ ಲೇಖನದ ಗಟ್ಟಿ ಭಾಗಕ್ಕೆ ಬರೋಣ. ಒಂದು ಟಿಕೆಟ್‌ನ ಮುಖಬೆಲೆ 40, ಹೊರಗೆ ಯಾರೋ 100 ಕೊಡಲು ಸಿದ್ಧ ಅಂದುಕೊಳ್ಳಿ. ಆ 60ರ ಅಂತರ ಎಲ್ಲಿಗೂ ಮಾಯವಾಗಲ್ಲ. ಅದು ನಾಲ್ವರಲ್ಲಿ ಒಬ್ಬರಿಗೆ ಸೇರಬೇಕು: ಪಂದ್ಯ ನೋಡುವ ಅಭಿಮಾನಿಗೆ (ಕಡಿಮೆ ಬೆಲೆಯ ಸುಖವಾಗಿ), ಟಿಕೆಟ್ ಮರುಮಾರುವವನಿಗೆ, ಮಾರಾಟದ ಆ್ಯಪ್‌ಗೆ, ಇಲ್ಲವೇ ಕ್ಲಬ್‌ಗೆ. ಟಿಕೆಟ್ ರಾಜಕಾರಣ ಅಂದರೆ ಈ 60ಕ್ಕಾಗಿ ನಡೆಯುವ ಎಳೆದಾಟ.

ಇಂಗ್ಲೆಂಡ್ ಮತ್ತು ಅಮೆರಿಕ ಇಲ್ಲಿ ತದ್ವಿರುದ್ಧ ದಾರಿ ಹಿಡಿದಿವೆ.

ಇಂಗ್ಲೆಂಡಿನಲ್ಲಿ 1994ರ ಕ್ರಿಮಿನಲ್ ಜಸ್ಟಿಸ್ ಆ್ಯಂಡ್ ಪಬ್ಲಿಕ್ ಆರ್ಡರ್ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮರುಮಾರಾಟ ಮಾಡುವುದು ಅಪರಾಧ. ಗಮನಿಸಿ, ಕಾನೂನಿನ ಉದ್ದೇಶ ಅಗ್ಗದ ಟಿಕೆಟ್ ಆಗಿರಲಿಲ್ಲ. ಎದುರಾಳಿ ಅಭಿಮಾನಿಗಳು ತವರಿನವರ ನಡುವೆ ಕೂತು ಹೊಡೆದಾಟ ಆಗಬಾರದು ಎಂಬುದಾಗಿತ್ತು. ಹಾಗಾಗಿ ಅದು ಫುಟ್‌ಬಾಲ್‌ಗೆ ಮಾತ್ರ ಅನ್ವಯ. ಲಾರ್ಡ್ಸ್‌ನ ಟೆಸ್ಟ್ ಪಂದ್ಯಕ್ಕಾಗಲಿ ವಿಂಬಲ್ಡನ್‌ಗಾಗಲಿ ಅಲ್ಲ. ಆದರೆ ಪರಿಣಾಮ ಏನಾಯ್ತು ಅಂದರೆ ಸೀಸನ್ ಟಿಕೆಟ್ ಆಸ್ತಿ ಅಲ್ಲ, ಬರೀ ಪರವಾನಗಿ ಅನ್ನೋದು ಗಟ್ಟಿಯಾಯಿತು. ಬರಲಾಗದ ಪಂದ್ಯದ ಸೀಟನ್ನು ಕ್ಲಬ್‌ನದ್ದೇ ವಿನಿಮಯ ತಾಣದಲ್ಲಿ ಬಿಡಬೇಕು. ಮಾರಾಟವಾದರೆ ಸಾಮಾನ್ಯವಾಗಿ ಆ ಪಂದ್ಯದ ಪಾಲು, ಅಂದರೆ ಹತ್ತೊಂಬತ್ತನೇ ಒಂದು ಭಾಗದ ಆಸುಪಾಸು ವಾಪಸ್. ಕೊಳ್ಳುವವನಿಗೆ ಬಿಡಿ ಟಿಕೆಟ್‌ನ ದುಬಾರಿ ದರ ಹಾಕಿದರೆ ನಡುವಿನ ವ್ಯತ್ಯಾಸ ಕ್ಲಬ್‌ಗೆ. ಒಂದೇ ಸೀಟನ್ನು ಎರಡು ಬಾರಿ ಮಾರುವ ಕಾನೂನುಬದ್ಧ ದಾರಿ ಇದು. ಜೊತೆಗೆ ಇತ್ತೀಚೆಗೆ ಹಲವು ಕ್ಲಬ್‌ಗಳು ಇಷ್ಟು ಪಂದ್ಯಕ್ಕಾದರೂ ಬರಲೇಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಸೀಟಿಲ್ಲ ಅನ್ನುವ ಷರತ್ತು ಹಾಕಿವೆ. ಖಾಲಿ ಕುರ್ಚಿ ಇರಬಾರದು ಅನ್ನೋದು ನ್ಯಾಯವೇ. ಆದರೆ ಶಿಫ್ಟ್‌ನಲ್ಲಿ ದುಡಿಯುವ ನರ್ಸ್‌ಗೆ, ಟಿವಿಯವರಿಗಾಗಿ ಕೊನೇ ಗಳಿಗೆಯಲ್ಲಿ ಸೋಮವಾರ ರಾತ್ರಿಗೆ ತಳ್ಳಿದ ಪಂದ್ಯ ತಪ್ಪಿದರೆ, ಅದರ ಶಿಕ್ಷೆ ಟಿವಿಗೂ ಇಲ್ಲ ಕ್ಲಬ್‌ಗೂ ಇಲ್ಲ.

ಅಮೆರಿಕದಲ್ಲಿ ಮರುಮಾರಾಟ ಬಹುಪಾಲು ಮುಕ್ತ. ನ್ಯೂಯಾರ್ಕ್, ಕನೆಕ್ಟಿಕಟ್, ವರ್ಜೀನಿಯಾದಂಥ ಕೆಲವು ರಾಜ್ಯಗಳಲ್ಲಿ ಟಿಕೆಟ್ ಇನ್ನೊಬ್ಬರಿಗೆ ದಾಟಿಸುವ ಹಕ್ಕಿಗೇ ಕಾನೂನಿನ ರಕ್ಷಣೆ ಇದೆ. 2000ದಲ್ಲಿ ಶುರುವಾದ ಸ್ಟಬ್‌ಹಬ್ ಈ ವ್ಯವಹಾರವನ್ನು ಬೀದಿಯಿಂದ ವೆಬ್‌ಗೆ ತಂದಿತು. 2007ರಲ್ಲಿ ಇಬೇ ಅದನ್ನು 310 ದಶಲಕ್ಷ ಡಾಲರ್‌ಗೆ ಕೊಂಡಿತು. ನಂತರ ವಯಾಗೋಗೋ 4 ಶತಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು ಇಬೇಯಿಂದ ಕೊಂಡಿತು. ಒಂದೂ ಸೀಟು ಕಟ್ಟದ, ಒಂದೂ ಪಂದ್ಯ ಆಡಿಸದ ಕಂಪನಿಯ ಬೆಲೆ ಅದು.

ಮಧ್ಯಮ ವರ್ಗದ ಅಮೆರಿಕನ್ ಅಭಿಮಾನಿಗಳು ಇದರಲ್ಲೊಂದು ಉಪಾಯ ಕಂಡುಕೊಂಡಿದ್ದರು: ದೊಡ್ಡ ಎದುರಾಳಿಯ ಒಂದೆರಡು ಪಂದ್ಯ ಮಾರು, ಆ ದುಡ್ಡಲ್ಲಿ ಉಳಿದದ್ದು ನೋಡು. ಬೆಲೆ ಏರಿದಾಗ ಈ ಉಪಾಯಕ್ಕೆ ಏನಾಗುತ್ತೆ ಅಂತ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. 10 ಪಂದ್ಯದ ಪ್ಯಾಕೇಜ್ 1,500 ಡಾಲರ್. ಎರಡು ದೊಡ್ಡ ಪಂದ್ಯವನ್ನು ತಲಾ 350ಕ್ಕೆ ಮಾರಿದ. ಆ್ಯಪ್ ಶೇ 10 ಕಮಿಷನ್ ತೆಗೆದರೆ ಕೈಗೆ 630. ಉಳಿದ 8 ಪಂದ್ಯಕ್ಕೆ ಅವನ ನಿಜ ಖರ್ಚು 870 ಡಾಲರ್. ಈಗ ತಂಡ ಬೆಲೆಯನ್ನು ಶೇ 20 ಏರಿಸಿ 1,800 ಮಾಡಿತು. ಹೊರಗಿನ ಬೆಲೆ ಹಾಗೇ ಇದೆ. ಅವನ ನಿಜ ಖರ್ಚು 1,170. ಅಂದರೆ ಏರಿಕೆ ಶೇ 20 ಅಲ್ಲ, ಶೇ 34. ಆ ವರ್ಷ ತಂಡ ಸೋತು ದೊಡ್ಡ ಪಂದ್ಯದ ಬೆಲೆಯೂ 250ಕ್ಕೆ ಬಿತ್ತು ಅನ್ನಿ, ಖರ್ಚು 1,350. ಏರಿಕೆ ಶೇ 55. ಮುಖಬೆಲೆಯ ಏರಿಕೆ ಪೂರ್ತಿಯಾಗಿ ಬೀಳೋದು ಮರುಮಾರಾಟ ನಂಬಿಕೊಂಡವನ ಆ ಸಣ್ಣ ಅಂತರದ ಮೇಲೆ. 'ಕೇವಲ ಶೇ 20' ಅಂತ ಪ್ರಕಟಣೆ ಬಂದಾಗ ಹಳೇ ಅಭಿಮಾನಿಗಳು ಯಾಕೆ ಅಷ್ಟು ಸಿಟ್ಟಾಗ್ತಾರೆ ಅನ್ನೋದಕ್ಕೆ ಇದೇ ಉತ್ತರ. ಇನ್ನು ಆ ಪ್ಯಾಕೇಜ್‌ನಲ್ಲಿ ತಾರಾ ಆಟಗಾರರು ಹೆಚ್ಚು ಹೊತ್ತು ಮೈದಾನಕ್ಕೇ ಇಳಿಯದ ಅಭ್ಯಾಸ ಪಂದ್ಯಗಳೂ ಕಡ್ಡಾಯವಾಗಿ ಸೇರಿರುತ್ತವೆ. ಅವನ್ನು ಹೊರಗೆ ಮಾರಲು ಹೋದರೆ ಕೇಳುವವರಿಲ್ಲ.

ಇದರಲ್ಲೊಂದು ಕ್ರೂರ ತಮಾಷೆಯಿದೆ. ಅಭಿಮಾನಿ 350ಕ್ಕೆ ಮಾರಿದ ಅನ್ನೋ ಮಾಹಿತಿ ತಂಡಕ್ಕೂ ಸಿಗುತ್ತದೆ, ಯಾಕಂದರೆ ಮಾರಾಟ ನಡೆಯೋದು ಹೆಚ್ಚಾಗಿ ತಂಡದ ಪಾಲುದಾರ ಆ್ಯಪ್‌ನಲ್ಲೇ. ಮುಂದಿನ ವರ್ಷ ಆ ಪಂದ್ಯದ ಮುಖಬೆಲೆ ಏರಿಸೋಕೆ ಅದೇ ಆಧಾರ. ಟಿಕೆಟ್‌ಮಾಸ್ಟರ್‌ನ ಸೇಫ್‌ಟಿಕ್ಸ್ ಅನ್ನುವ ತಂತ್ರಜ್ಞಾನ ನೋಡಿ: ಮೊಬೈಲ್‌ನಲ್ಲಿ ಕಾಣುವ ಬಾರ್‌ಕೋಡ್ ಕೆಲವು ಸೆಕೆಂಡಿಗೊಮ್ಮೆ ಬದಲಾಗುತ್ತದೆ. ನಿಮ್ಮ ಅಥೆಂಟಿಕೇಟರ್ ಆ್ಯಪ್‌ನ ಆರಂಕಿಯ ಕೋಡ್ ಬದಲಾಗುವ ಹಾಗೆಯೇ. ಸ್ಕ್ರೀನ್‌ಶಾಟ್ ಕಳಿಸಿದರೆ ಕೆಲಸಕ್ಕೆ ಬಾರದು. ನಕಲಿ ಟಿಕೆಟ್ ತಡೆಯೋಕೆ ಎಂದು ಕಂಪನಿ ಹೇಳುತ್ತದೆ, ತಡೆಯುವುದೂ ನಿಜ. ಜೊತೆಗೆ, ಟಿಕೆಟ್ ಯಾರಿಂದ ಯಾರಿಗೆ ಹೋದರೂ ಆ ಆ್ಯಪ್ ಮೂಲಕವೇ ಹೋಗಬೇಕು ಎಂಬುದನ್ನೂ ಅದು ಖಾತ್ರಿ ಮಾಡುತ್ತದೆ. ಟಿಕೆಟ್‌ಮಾಸ್ಟರ್ ಮತ್ತು ಲೈವ್ ನೇಷನ್ 2010ರಲ್ಲಿ ವಿಲೀನವಾದವು. 2024ರ ಮೇನಲ್ಲಿ ಅಮೆರಿಕದ ನ್ಯಾಯ ಇಲಾಖೆ ಆ ಕಂಪನಿಯ ಏಕಸ್ವಾಮ್ಯದ ವಿರುದ್ಧ ದಾವೆ ಹೂಡಿತು.

ಸೀಟಿನ 'ಹಕ್ಕುಪತ್ರ'

ಅಮೆರಿಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿದ್ದಾರೆ. ಸೀಸನ್ ಟಿಕೆಟ್ ಕೊಳ್ಳುವ ಹಕ್ಕನ್ನೇ ಪ್ರತ್ಯೇಕವಾಗಿ ಮಾರುವುದು. ಪಿಎಸ್‌ಎಲ್ ಅಂತ ಕರೀತಾರೆ, ಸೀಟಿನ ಪರವಾನಗಿ. 1990ರ ದಶಕದಲ್ಲಿ ಕ್ಯಾರೊಲೈನಾ ಪ್ಯಾಂಥರ್ಸ್ ತಂಡ ತನ್ನ ಕ್ರೀಡಾಂಗಣ ಕಟ್ಟೋಕೆ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ ಮೇಲೆ ಹಲವು ತಂಡಗಳು ಹಿಂಬಾಲಿಸಿದವು. 2010ರಲ್ಲಿ ನ್ಯೂಯಾರ್ಕ್‌ನ ಜೈಂಟ್ಸ್ ಮತ್ತು ಜೆಟ್ಸ್ ತಂಡಗಳ ಹೊಸ ಕ್ರೀಡಾಂಗಣ ತೆರೆದಾಗ ಜೈಂಟ್ಸ್ ಪ್ರತಿ ಸೀಟಿಗೂ 1,000ದಿಂದ 20,000 ಡಾಲರ್ ಪರವಾನಗಿ ಶುಲ್ಕ ಹಾಕಿತು. ಜೆಟ್ಸ್ ಮೇಲಿನ ಹಂತದ ಸೀಟುಗಳಿಗೆ ವಿನಾಯಿತಿ ಕೊಟ್ಟು ಕೆಳಗಿನವರಿಂದ ಸಂಗ್ರಹಿಸಿತು.

ಇದನ್ನು ಹೂಡಿಕೆಯಂತೆ ಮಾರುತ್ತಾರೆ: ನಿಮ್ಮದೇ ಸೀಟು, ಮಾರಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಆದರೆ ಷರತ್ತು ಓದಿ. ಪ್ರತಿ ವರ್ಷ ಸೀಸನ್ ಟಿಕೆಟ್ ಕೊಳ್ಳಲೇಬೇಕು, ಒಂದು ವರ್ಷ ಬಿಟ್ಟರೆ ಪರವಾನಗಿ ರದ್ದು. ಆ ಟಿಕೆಟ್‌ನ ಬೆಲೆ ನಿರ್ಧರಿಸುವುದು ತಂಡ. ಪರವಾನಗಿಗೆ ಮಾರುಕಟ್ಟೆಯಲ್ಲಿ ಬೆಲೆ ಬರೋದೇ ಮುಖಬೆಲೆಗೂ ಹೊರಗಿನ ಬೆಲೆಗೂ ಇರುವ ಅಂತರದಿಂದ. ತಂಡ ವರ್ಷಾವರ್ಷ ಮುಖಬೆಲೆ ಏರಿಸಿದ ಹಾಗೆ ಆ ಅಂತರ ಸಣ್ಣದಾಗುತ್ತದೆ, ಪರವಾನಗಿಯ ಬೆಲೆ ಕುಸಿಯುತ್ತದೆ. ನಿಮಗೆ ಸೈಟು ಮಾರಿದವನೇ ಪ್ರತಿ ವರ್ಷ ಅದರ ಕಂದಾಯವನ್ನೂ ನಿಗದಿ ಮಾಡ್ತಾನೆ, ಕಟ್ಟದಿದ್ದರೆ ಸೈಟು ವಾಪಸ್ ತಗೋತಾನೆ ಅನ್ನುವ ಹಾಗೆ. ಜೆಟ್ಸ್ ಆಟದಲ್ಲಿ ಸೋಲುತ್ತಾ ಹೋದಂತೆ ಅದರ ಪರವಾನಗಿಗಳು ಕೊಂಡ ಬೆಲೆಗಿಂತ ಎಷ್ಟೋ ಕಡಿಮೆಗೆ ಕೈ ಬದಲಾಯಿಸಿದವು.

ಬಫಲೋ ಬಿಲ್ಸ್ ತಂಡದ ಹೊಸ ಕ್ರೀಡಾಂಗಣಕ್ಕೆ ನ್ಯೂಯಾರ್ಕ್ ರಾಜ್ಯ 600 ದಶಲಕ್ಷ, ಈರಿ ಕೌಂಟಿ 250 ದಶಲಕ್ಷ ಡಾಲರ್ ಸಾರ್ವಜನಿಕ ಹಣ ಕೊಟ್ಟಿವೆ. ಅದರ ಮೇಲೆ ಅಭಿಮಾನಿಗಳಿಂದ ಪಿಎಸ್‌ಎಲ್. ಅದಾದ ಮೇಲೆ ಟಿಕೆಟ್. ಒಬ್ಬ ಬಫಲೋ ನಿವಾಸಿ ಒಂದೇ ಕುರ್ಚಿಗೆ ತೆರಿಗೆದಾರನಾಗಿ, ಪರವಾನಗಿದಾರನಾಗಿ, ಪ್ರೇಕ್ಷಕನಾಗಿ ಮೂರು ಸಲ ದುಡ್ಡು ಕಟ್ಟಬೇಕು. ಕ್ರೀಡಾಂಗಣದ ಲಾಭ ಮಾತ್ರ ತಂಡದ್ದು.

ಇದಕ್ಕೆ ಪ್ರತಿ ಉದಾಹರಣೆಯೂ ಅದೇ ಲೀಗ್‌ನಲ್ಲಿದೆ. ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಒಬ್ಬ ಮಾಲೀಕನಿಲ್ಲ; ಲಾಭಾಂಶ ಸಿಗದ ಷೇರು ಹಿಡಿದ ಲಕ್ಷಾಂತರ ಜನ ಅದರ ಒಡೆಯರು. ಸೀಸನ್ ಟಿಕೆಟ್ 1960ರಿಂದಲೂ ಪೂರ್ತಿ ಮಾರಾಟವಾಗಿದೆ, ಕಾಯುವವರ ಪಟ್ಟಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಸರು. ಮಗು ಹುಟ್ಟಿದ ಕೂಡಲೇ ಪಟ್ಟಿಗೆ ಹೆಸರು ಸೇರಿಸೋದು ಅಲ್ಲಿ ಮಾಮೂಲು. ಇದನ್ನು ಪೂರ್ತಿ ಹೊಗಳಲಾರೆ: ಅಲ್ಲಿ ಸೀಟು ಅಪ್ಪನಿಂದ ಮಗಳಿಗೆ ಹೋಗುತ್ತದೆ, ಹೊಸಬನಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ಬೆಲೆ ಕಡಿಮೆ ಇಟ್ಟರೆ ಸರತಿ ಉದ್ದವಾಗುತ್ತದೆ. ಯಾರನ್ನು ಒಳಗೆ ಬಿಡಬೇಕು ಅನ್ನೋದನ್ನು ದುಡ್ಡು ನಿರ್ಧರಿಸದಿದ್ದರೆ ಬೇರೇನೋ ನಿರ್ಧರಿಸಲೇಬೇಕು. ವಂಶವೋ, ಲಾಟರಿಯೋ, ಸರತಿಯೋ. ನನಗೆ ಲಾಟರಿ ಎಷ್ಟೋ ಮೇಲು ಅನ್ನಿಸುತ್ತೆ.

ಫಿಫಾ ಮಾಡಿದ್ದು

ಬೇಡಿಕೆಗೆ ತಕ್ಕಂತೆ ಬೆಲೆ ಏರಿಳಿಯುವ ಪದ್ಧತಿಯನ್ನು ಕ್ರೀಡೆಯಲ್ಲಿ ಮೊದಲು ಪ್ರಯೋಗಿಸಿದ್ದು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡ, 2009ರಲ್ಲಿ. ನಮ್ಮ ವಿಮಾನ ಟಿಕೆಟ್, ಕ್ಯಾಬ್ ಸರ್ಜ್ ಇದ್ದ ಹಾಗೆ. 2026ರ ವಿಶ್ವಕಪ್‌ಗೆ ಫಿಫಾ ಇದನ್ನು ಜಗತ್ತಿನ ಅತಿ ದೊಡ್ಡ ಕ್ರೀಡಾಕೂಟಕ್ಕೆ ತಂದಿತು. ಜೊತೆಗೆ ತನ್ನದೇ ಮರುಮಾರಾಟ ತಾಣ ತೆರೆಯಿತು. ಅದರಲ್ಲಿ ಮಾರುವವನಿಂದ ಶೇ 15, ಕೊಳ್ಳುವವನಿಂದ ಶೇ 15. ತೆರೆದಾಗ ಅಮೆರಿಕ, ಕೆನಡಾದಲ್ಲಿ ಬೆಲೆಗೆ ಮಿತಿಯಿರಲಿಲ್ಲ. ಮೆಕ್ಸಿಕೊದಲ್ಲಿ ಮಾತ್ರ ಮುಖಬೆಲೆಗಷ್ಟೇ ವಿನಿಮಯ, ಅಲ್ಲಿನ ಕಾನೂನಿನಿಂದಾಗಿ. 1,000 ಡಾಲರಿನ ಟಿಕೆಟ್ ಒಮ್ಮೆ ಅದೇ ಬೆಲೆಗೆ ಕೈ ಬದಲಾದರೆ ಫಿಫಾಗೆ 300 ಡಾಲರ್. ಎರಡು ಬಾರಿ ಬದಲಾದರೆ 600. ಬ್ಲ್ಯಾಕ್ ಟಿಕೆಟ್ ಮಾರುವವನನ್ನು ಓಡಿಸಿ ಅವನ ಜಾಗದಲ್ಲಿ ಸಂಘಟಕರೇ ನಿಂತ ಹಾಗಾಯಿತು.

ದೇಶಗಳ ನಿಷ್ಠಾವಂತ ಅಭಿಮಾನಿಗಳಿಗೆ ಮೀಸಲಿಟ್ಟ ಟಿಕೆಟ್‌ಗಳಲ್ಲೂ ಫೈನಲ್‌ನ ಅತಿ ಅಗ್ಗದ್ದು 4,185 ಡಾಲರ್ ಎಂದು 2025ರ ಡಿಸೆಂಬರ್‌ನಲ್ಲಿ ಗೊತ್ತಾದಾಗ ಯುರೋಪಿನ ಅಭಿಮಾನಿ ಒಕ್ಕೂಟಗಳು ತಿರುಗಿಬಿದ್ದವು. ಕೆಲವೇ ದಿನದಲ್ಲಿ ಫಿಫಾ ಆ ಮೀಸಲಿನೊಳಗೆ 60 ಡಾಲರಿನ ಸಣ್ಣ ಪಾಲನ್ನು ಸೇರಿಸಿತು. ಮತ್ತೆ ಅದೇ: ಗಲಾಟೆ ಆದ ಮೇಲೆ ಬೆಲೆ ಇಳಿಯಿತು.

ಸರ್ಕಾರಗಳೂ ಸುಮ್ಮನಿಲ್ಲ. ಐರ್ಲೆಂಡ್ 2021ರಲ್ಲೇ ದೊಡ್ಡ ಕಾರ್ಯಕ್ರಮಗಳ ಟಿಕೆಟ್ಟನ್ನು ಮುಖಬೆಲೆಗಿಂತ ಹೆಚ್ಚಿಗೆ ಮರುಮಾರುವುದನ್ನು ನಿಷೇಧಿಸಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಸರ್ಕಾರ ಘೋಷಿಸಿದ ಪ್ರಮುಖ ಕಾರ್ಯಕ್ರಮಗಳಿಗೆ ಶೇ 10ಕ್ಕಿಂತ ಹೆಚ್ಚು ಸೇರಿಸುವಂತಿಲ್ಲ. ಬ್ರಿಟನ್ ಸರ್ಕಾರ 2025ರ ನವೆಂಬರ್‌ನಲ್ಲಿ ಕ್ರೀಡೆ, ಸಂಗೀತ ಎಲ್ಲಕ್ಕೂ ಇಂಥದ್ದೇ ನಿಷೇಧ ತರುವುದಾಗಿ ಪ್ರಕಟಿಸಿತು. ಒಳ್ಳೆಯದೇ. ಆದರೆ ಮರುಮಾರಾಟಕ್ಕೆ ಮಾತ್ರ ಮಿತಿ ಹಾಕಿ ಮೂಲ ಬೆಲೆಯನ್ನು ಮುಟ್ಟದಿದ್ದರೆ, ಆ 60ರ ಅಂತರವನ್ನು ಕ್ಲಬ್‌ಗಳು ತಮ್ಮ ಕಡೆಗೆ ಎಳೆದುಕೊಳ್ಳಲು ಅಡ್ಡಿಯೇನೂ ಇರಲ್ಲ.

ಬೆಂಗಳೂರು

ನಮ್ಮಲ್ಲಿ ಸೀಸನ್ ಟಿಕೆಟ್ ಸಂಸ್ಕೃತಿ ಬೇರೂರಿಲ್ಲ. ಐಪಿಎಲ್‌ನಲ್ಲಿ ತವರು ಪಂದ್ಯ ಏಳು. ಬಹುತೇಕರು ಒಂದಕ್ಕೆ ಟಿಕೆಟ್ ಸಿಕ್ಕರೆ ಸಾಕು ಅಂತ ಬೆಳಗ್ಗೆಯಿಂದ ಆನ್‌ಲೈನ್ ಸರತಿಯಲ್ಲಿ ಕೂತಿರ್ತಾರೆ. ಮುಖಬೆಲೆಯ ಮೇಲೆ ತೆರಿಗೆ ಬೇರೆ. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ ಮೇಲಿನ ಜಿಎಸ್‌ಟಿ ಶೇ 28ರಿಂದ 40ಕ್ಕೆ ಏರಿತು. ಕ್ಯಾಸಿನೊ, ರೇಸ್ ಕ್ಲಬ್‌ಗಳ ಸಾಲಿನಲ್ಲಿ. 1,000 ರೂಪಾಯಿಯ ಟಿಕೆಟ್ 1,280 ಇದ್ದದ್ದು 1,400 ಆಯಿತು. 'ಮಾನ್ಯತೆ ಪಡೆದ ಕ್ರೀಡಾಕೂಟ'ಗಳಾದರೆ 500 ರೂಪಾಯಿವರೆಗೆ ತೆರಿಗೆಯೇ ಇಲ್ಲ, ಮೇಲೆ ಶೇ 18. ಬೆಲೆ ನಿಯಂತ್ರಣದ ವಿಷಯದಲ್ಲಿ ರಾಜ್ಯ ಸರ್ಕಾರಕ್ಕೆ ಆಸಕ್ತಿ ಇಲ್ಲ ಅನ್ನುವಂತಿಲ್ಲ. ಅದೇ ತಿಂಗಳು ಸಿನಿಮಾ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿತು; ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಕ್ರೀಡೆಯ ಟಿಕೆಟ್ ಬಗ್ಗೆ ಅಂಥ ಪ್ರಯತ್ನವೂ ಕಾಣಲಿಲ್ಲ. ಪಂದ್ಯದ ದಿನ ಬ್ಲ್ಯಾಕ್‌ನಲ್ಲಿ ಮಾರುವ ನಾಲ್ಕು ಹುಡುಗರನ್ನು ಪೊಲೀಸರು ಹಿಡಿಯೋದು, ಫೋಟೊ ಬರೋದು, ಅಷ್ಟೇ. ಆ ಹುಡುಗರ ಕೈಗೆ ಟಿಕೆಟ್ ಬಂದದ್ದು ಯಾವ ಕೋಟಾದಿಂದ ಅನ್ನುವ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ.

2025ರ ಜೂನ್ 4ರಂದು, ಆರ್‌ಸಿಬಿ ಮೊದಲ ಬಾರಿ ಕಪ್ ಗೆದ್ದ ಮರುದಿನ, ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಒಳಗೆ ಇರೋದು ಸುಮಾರು 35 ಸಾವಿರ ಸೀಟು. ಹೊರಗೆ ಬಂದವರು ಲಕ್ಷಗಟ್ಟಲೆ. ಅವರಲ್ಲಿ ಎಷ್ಟು ಮಂದಿ ಐಪಿಎಲ್ ಪಂದ್ಯವೊಂದನ್ನು ಎಂದಾದರೂ ಒಳಗೆ ಕೂತು ನೋಡಿದ್ದರೋ. ಅದಾದ ಎರಡು ತಿಂಗಳಿಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಬೊಮ್ಮಸಂದ್ರದ ಸೂರ್ಯನಗರದಲ್ಲಿ 80 ಸಾವಿರ ಆಸನದ ಕ್ರೀಡಾಂಗಣವಿರುವ ಸಂಕೀರ್ಣದ ಯೋಜನೆಗೆ ಒಪ್ಪಿಗೆ ಕೊಟ್ಟರು. ಕಟ್ಟುವ ಹೊಣೆ ಕರ್ನಾಟಕ ಗೃಹ ಮಂಡಳಿಯದ್ದು, ಅಂದರೆ ಒಂದು ಸರ್ಕಾರಿ ಸಂಸ್ಥೆಯದ್ದು.

ದುರಂತವೊಂದರ ನಂತರ ಕ್ರೀಡಾಂಗಣಗಳನ್ನು ಹೊಸದಾಗಿ ಕಟ್ಟಿದ ದೇಶದಲ್ಲಿ ಏನಾಯಿತು ಅಂತ ಮೇಲೆ ನೋಡಿದೆವು. ಹಾಗಾಗಿ ಕೇಳಬೇಕಾದ ಸಮಯ ಟೆಂಡರ್ ಆಗುವ ಮೊದಲು, ಗುತ್ತಿಗೆ ಬರೆಯುವ ಮೊದಲು. 80 ಸಾವಿರದಲ್ಲಿ ಎಷ್ಟು ಸೀಟು 500 ರೂಪಾಯಿ ಒಳಗೆ? ಪ್ರತಿ ಪಂದ್ಯಕ್ಕೂ ಸದಸ್ಯರು, ಪ್ರಾಯೋಜಕರು, ಇಲಾಖೆಗಳು, ಶಾಸಕರ ಪಾಸಿಗೆ ಎಷ್ಟು, ಸಾರ್ವಜನಿಕ ಮಾರಾಟಕ್ಕೆ ಎಷ್ಟು ಅನ್ನೋದನ್ನು ಮೊದಲೇ ಪ್ರಕಟಿಸಬೇಕು ಎಂಬ ಷರತ್ತು ಇರುತ್ತಾ? ಬೇಡಿಕೆ ಹೆಚ್ಚಿದ್ದರೆ ಲಾಟರಿಯೋ, ವೇಗದ ಇಂಟರ್‌ನೆಟ್ ಇದ್ದವನಿಗೆ ಮೊದಲೋ? ಬರಲಾಗದವನು ಟಿಕೆಟ್ಟನ್ನು ಮುಖಬೆಲೆಗೇ ವಾಪಸ್ ಕೊಡುವ ತಾಣ ಇರುತ್ತಾ, ಅದರಲ್ಲಿ ಕಮಿಷನ್ ಯಾರಿಗೆ? ನಗರದಿಂದ ಬೊಮ್ಮಸಂದ್ರಕ್ಕೆ ರಾತ್ರಿ ಹನ್ನೊಂದೂವರೆಗೆ ಪಂದ್ಯ ಮುಗಿದ ಮೇಲೆ ಮೆಟ್ರೊ ಇರುತ್ತಾ, ಅದರ ಖರ್ಚು ಟಿಕೆಟ್‌ಗೆ ಸೇರುತ್ತಾ? ಇವುಗಳಲ್ಲಿ ಒಂದಕ್ಕಾದರೂ ನಿಮ್ಮ ಕ್ಷೇತ್ರದ ಶಾಸಕರ ಬಳಿ ಉತ್ತರ ಇದೆಯಾ ಅಂತ ಮುಂದಿನ ಅಧಿವೇಶನಕ್ಕೆ ಮೊದಲು ಕೇಳಿ ನೋಡಿ.